ಬೇನೆ ಬಂತೇ? ಮೊದಲು ಗಡಿಯಾರ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಅಡೂರು, ಪೈವಳಿಕೆ ಕಡೆಯ ಮನೆಯಲ್ಲಿ ದಿನ ತುಂಬಿದ ಬಸುರಿ ಇದ್ದರೆ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಯಾವಾಗ ಹೊರಡುವುದು? ಕಾಸರಗೋಡಿಗೋ, ಮಂಗಳೂರಿಗೋ ಎಂಬ ಚರ್ಚೆಯನ್ನಂತೂ ಬೇನೆ ಬರುವವರೆಗೆ ಉಳಿಸಿಕೊಳ್ಳಬೇಡಿ. 2020ರ ಕೊರೊನಾ ಕಾಲದಲ್ಲಿ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುಳ್ಳು ಬೇನೆ ಬರುತ್ತದೆ, ಹೋಗುತ್ತದೆ. ಸ್ವಲ್ಪ ನಡೆದರೆ, ನೀರು ಕುಡಿದು ಮಲಗಿದರೆ ಇಳಿಯುತ್ತದೆ. ನಿಜವಾದದ್ದು ಹೆಚ್ಚಾಗಿ ಸೊಂಟದಿಂದ ಹೊಟ್ಟೆಗೆ ಸುತ್ತಿ ಬರುತ್ತದೆ. ಬರಬರುತ್ತಾ ಜೋರಾಗುತ್ತದೆ, ನಡುವಿನ ಬಿಡುವು ಕಡಿಮೆಯಾಗುತ್ತದೆ. ಒಂದು ಬೇನೆ ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಲೆಕ್ಕ ಹಿಡಿಯಿರಿ, ಮುಗಿದಲ್ಲಿಂದ ಅಲ್ಲ. ಚೊಚ್ಚಲು ಹೆರಿಗೆಯಾದರೆ ಐದು ನಿಮಿಷಕ್ಕೊಮ್ಮೆ, ಪ್ರತಿ ಸಲ ಸುಮಾರು ಒಂದು ನಿಮಿಷ, ಹೀಗೇ ಒಂದು ಗಂಟೆ ಬಂದರೆ ಹೊರಡಿ. ಎರಡನೆಯದಾದರೆ, ದಾರಿ ದೂರವಾದರೆ ಅಷ್ಟು ಕಾಯಬೇಡಿ.

ನೀರು ಹೋದರೆ, ರಕ್ತ ಸುರಿದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಗಡಿಯಾರ ಬದಿಗಿಟ್ಟು 108ಕ್ಕೆ ಕರೆ ಮಾಡಿ. 37 ವಾರ ತುಂಬುವ ಮೊದಲೇ ಬೇನೆ ಬಂದರೂ, ಹಿಂದೆ ಸಿಸೇರಿಯನ್ ಆಗಿದ್ದರೂ ಕಾಯುವಂತಿಲ್ಲ. ದಿನ ತುಂಬಿದವರಿಗೆ ಒಂಚೂರು ರಕ್ತ ಬೆರೆತ ಲೋಳೆ ಹೋದರೆ ಮಾತ್ರ ಗಾಬರಿ ಬೇಡ.

ಅಷ್ಟು ಹೊತ್ತು ಒಳಗೆ ಏನಾಗುತ್ತಿರುತ್ತದೆ? ಗರ್ಭಕೋಶ ಅಂದರೆ ಸ್ನಾಯುವಿನ ಚೀಲ. ಪ್ರತಿ ಬೇನೆಗೂ ಅದರ ಮೇಲ್ಭಾಗ ಬಿಗಿಯುತ್ತದೆ. ಬೇನೆ ನಿಂತರೂ ಸ್ನಾಯು ಮೊದಲಿನ ಉದ್ದಕ್ಕೆ ಮರಳುವುದಿಲ್ಲ, ತುಸು ಗಿಡ್ಡವಾಗಿಯೇ ಉಳಿಯುತ್ತದೆ. ಹಾಗೆ ಕೆಳಗಿನ ಬಾಯಿಯನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಿಗಿ ಬನಿಯನ್ನಿನ ಕುತ್ತಿಗೆಯಲ್ಲಿ ತಲೆ ತೂರಿಸುತ್ತೇವಲ್ಲ, ಹಾಗೆ. ಬಾಯಿ ತೆಳುವಾಗುತ್ತಾ 10 ಸೆಂಟಿಮೀಟರ್ ತೆರೆಯಬೇಕು. ಮಗುವಿನ ತಲೆ ಅಲ್ಲಿ ಒತ್ತಿದಷ್ಟೂ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಜಾಸ್ತಿ ಬರುತ್ತದೆ. ಅದು ಬಂದಷ್ಟೂ ಬೇನೆ ಜೋರು.

5 ಸೆಂಟಿಮೀಟರ್‌ವರೆಗೆ ಎಲ್ಲವೂ ನಿಧಾನ. ಅಲ್ಲಿಂದ ಮುಂದೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ಆಮೇಲಿನ ಹೆರಿಗೆಗಳಿಗೆ 10. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೈಬಿಟ್ಟಿತು. ಆದ್ದರಿಂದ ‘ಇನ್ನೂ ಆಗಿಲ್ವಾ?’ ಎಂದು ಸುಮ್ನೆ ಹತ್ತು ಸಲ ಫೋನ್ ಮಾಡಬೇಡಿ. ವೈದ್ಯರು ಬೇಡ ಅನ್ನದಿದ್ದರೆ ಅವಳು ನಡೆಯಲಿ, ಗಂಜಿತಿಳಿ ಕುಡಿಯಲಿ.

ಬಾಯಿ ಪೂರ್ತಿ ತೆರೆದ ಮೇಲೆ ಎರಡನೇ ಹಂತ. ನಮ್ಮ ಕಡೆಯ ಹೆರಿಗೆ ಕೋಣೆಯಲ್ಲಿ ನರ್ಸ್ ‘ಮುಕ್ಕ್, ಮುಕ್ಕ್’ ಅನ್ನಬಹುದು. ತಿನ್ನಲು ಹೇಳುತ್ತಿಲ್ಲ, ಅದು ಮಲಯಾಳ! ತಿಣುಕು ಎಂದರ್ಥ. ಮೊದಲೇ ತಿಣುಕಿದರೆ ಸುಸ್ತಷ್ಟೇ ಬಂತು. ತಾನಾಗಿ ಒತ್ತಡ ಬಂದಾಗ ಬೇನೆಯ ಜೊತೆಗೇ ತಿಣುಕಬೇಕು, ಬೇನೆ ನಿಂತಾಗ ಉಸಿರು ಬಿಟ್ಟು ಸುಧಾರಿಸಿಕೊಳ್ಳಬೇಕು. ಮಗು ಗದ್ದವನ್ನು ಎದೆಗೊತ್ತಿ, ತಿರುಗುತ್ತಾ ಇಳಿಯುತ್ತದೆ. ಚೊಚ್ಚಲಿಗೆ ಮೂರು ಗಂಟೆಯವರೆಗೂ ಹಿಡಿಯಬಹುದು.

ಮಗು ಅತ್ತಿತು ಎಂದು ಹೊರಗೆ ಲಡ್ಡು ಹಂಚುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುವುದಿಲ್ಲ. ಕಸ (ಮಾಸು) ಬೀಳಬೇಕು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ರಕ್ತಸ್ರಾವ ತಡೆಯಲು 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸುವುದು ಒಳ್ಳೆಯದು. ಜೇನು ನೆಕ್ಕಿಸಬೇಡಿ. ಮೊದಲ ಗಂಟೆಯೊಳಗೆ ಮೊಲೆಗೆ ಹಾಕಿ. ಮಗು ಚೀಪಿದಾಗಲೂ ಆಕ್ಸಿಟೋಸಿನ್ ಬರುತ್ತದೆ, ಗರ್ಭಕೋಶ ಕುಗ್ಗಿ ಕಸ ಅಂಟಿದ್ದಲ್ಲಿನ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತದೆ.

ನರ್ಸ್ ಆಗಾಗ ಹೊಟ್ಟೆ ಒತ್ತಿ ನೋಡುವುದೂ ಇದಕ್ಕೇ. ಗರ್ಭಕೋಶ ಗಟ್ಟಿ ಉಂಡೆಯಂತೆ ಕೈಗೆ ಸಿಗಬೇಕು. ಬಟ್ಟೆ ಬೇಗಬೇಗ ಒದ್ದೆಯಾದರೆ, ತಲೆ ಸುತ್ತಿದರೆ ತಕ್ಷಣ ಕೂಗಿ. ಮಲಯಾಳ ಬಾರದಿದ್ದರೆ ‘ಚೋರ’ ಅನ್ನಿ, ಸಾಕು. ನಮಗೆ ಕಳ್ಳ, ಅವರಿಗೆ ರಕ್ತ.