ಸಹಿ ಹಾಕಬೇಕಾದವರು ಯಾರು?

ಶಾಲೆಯ ಮುಂದಿನ ರಸ್ತೆ ದಾಟುವುದೇ ಮಕ್ಕಳಿಗೆ ದೊಡ್ಡ ಗಂಡಾಂತರವಾಗಿತ್ತು. ಏನಾದರೂ ಮಾಡೋಣ ಅಂತ ನಾವು 12 ಜನ ಒಂದು ಗುಂಪು ಕಟ್ಟಿಕೊಂಡೆವು. ಮೊದಲ ಸಭೆಯಲ್ಲೇ ಹಕ್ಕೊತ್ತಾಯದ ಯೋಜನೆ ಬರೆದೂ ಬಿಟ್ಟೆವು. ಗುರಿ: ರಸ್ತೆ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸುವುದು. ಉದ್ದೇಶಗಳು: 1 ಜಾಥಾ, 3 ಸಭೆ, 500 ಸಹಿ. ಓದಲು ಚೆನ್ನಾಗಿಯೇ ಇತ್ತು.

ನಾಲ್ಕು ತಿಂಗಳಲ್ಲಿ ಎಲ್ಲ ಮಾಡಿ ಮುಗಿಸಿದೆವು. ಸಹಿ 500ಕ್ಕಿಂತ ಜಾಸ್ತಿಯೇ ಬಂತು. ರಸ್ತೆ ಮಾತ್ರ ಇದ್ದ ಹಾಗೇ ಇತ್ತು. ನಾವು ಮಾಡುವ ಕೆಲಸಗಳನ್ನೇ ಉದ್ದೇಶ ಅಂತ ಬರೆದುಕೊಂಡಿದ್ದೆವು, ಅಲ್ವಾ? ರಸ್ತೆಯಲ್ಲಿ ಏನು ಬದಲಾಗಬೇಕು ಅನ್ನೋದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಎರಡನೇ ಸಲ ಕೂತಾಗ ಗುಂಪಿನ ಹಿರಿಯರೊಬ್ಬರು ಕೇಳಿದರು: "ಇದು ಆಗಬೇಕಾದರೆ ಯಾರು ಸಹಿ ಹಾಕಬೇಕು?" ಒಬ್ಬರಿಗೂ ಗೊತ್ತಿರಲಿಲ್ಲ. ವಿಚಾರಿಸಿದರೆ, ಆ ರಸ್ತೆ ನಾವು ಮನವಿ ಕೊಟ್ಟ ಕಚೇರಿಗೆ ಸೇರಿದ್ದೇ ಅಲ್ಲ! ನಾಲ್ಕು ತಿಂಗಳು ಬೇರೆಯವರ ಬಾಗಿಲು ತಟ್ಟಿದ್ದೆವು.

ಉದ್ದೇಶ ಬರೆಯುವಾಗ ಎಲ್ಲರೂ 'ಸ್ಮಾರ್ಟ್' (SMART) ಸೂತ್ರ ಹೇಳುತ್ತಾರೆ. ಒಳ್ಳೆಯ ಉದ್ದೇಶಕ್ಕೆ ಇರಬೇಕಾದ ಐದು ಗುಣಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಆದ ಹೆಸರು ಅದು. 1981ರಲ್ಲಿ ಜಾರ್ಜ್ ಡೊರಾನ್ ಅನ್ನೋ ಆಡಳಿತ ಸಲಹೆಗಾರ ಅದನ್ನು ಬರೆದಾಗ ಅದರಲ್ಲಿದ್ದ 'ಎ' ಅಕ್ಷರದ ಅರ್ಥ, ಕೆಲಸ ಯಾರು ಮಾಡಬೇಕು ಅಂತ ಹೇಳುವುದು. ಈಗ ಹೆಚ್ಚಿನವರು 'ಸಾಧಿಸಲು ಆಗುವಂಥದ್ದು' ಅಂತ ಅರ್ಥ ಹೇಳುತ್ತಾರೆ. ನನಗೆ ಹಳೆಯದೇ ಇಷ್ಟ. ಹಕ್ಕೊತ್ತಾಯದಲ್ಲಿ ಆ 'ಯಾರು' ಬಿಟ್ಟುಹೋದರೆ ಉಳಿಯುವುದು ಬರೀ ಆಸೆ.

ಆಮೇಲೆ ಮೂರು ದಿನ ಬೆಳಗ್ಗೆ ರಸ್ತೆ ಬದಿ ನಿಂತು, ದಾಟುವ ಮಕ್ಕಳನ್ನೂ ಓಡಾಡುವ ಗಾಡಿಗಳನ್ನೂ ಎಣಿಸಿದೆವು. ಬೇಜಾರಿನ ಕೆಲಸ. ಆದರೆ ಈಗ ಹೇಗಿದೆ ಅನ್ನೋ ಲೆಕ್ಕವೇ ಇಲ್ಲದಿದ್ದರೆ ನಾಳೆ ಸುಧಾರಿಸಿತು ಅಂತ ತೋರಿಸುವುದು ಹೇಗೆ? ಕೊನೆಗೆ ಬರೆದದ್ದು ಇಷ್ಟು: "ಶಾಲೆ ಮತ್ತೆ ಶುರುವಾಗುವ ಮೊದಲು ಈ ರಸ್ತೆಯ ಉಸ್ತುವಾರಿ ಎಂಜಿನಿಯರ್ ಶಾಲೆಯ ಎರಡೂ ಕಡೆ ಉಬ್ಬು ಹಾಕಿಸಬೇಕು, ಗಂಟೆಗೆ 30 ಕಿ.ಮೀ. ಮಿತಿಯ ಫಲಕ ನೆಡಿಸಬೇಕು." ಹೆಸರು ಬರೆಯಲಿಲ್ಲ, ಹುದ್ದೆ ಬರೆದೆವು. ಜನ ವರ್ಗವಾಗಿ ಹೋಗುತ್ತಾರೆ, ಕುರ್ಚಿ ಅಲ್ಲೇ ಇರುತ್ತದೆ. 30 ಅನ್ನೋದೂ ಸುಮ್ನೆ ಹಾಕಿದ ಅಂಕಿಯಲ್ಲ. ವೇಗ 60ರಿಂದ 30ಕ್ಕೆ, ಅಂದರೆ ಅರ್ಧಕ್ಕಿಳಿದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ಹೋಗುವ ದೂರ ಕಾಲು ಭಾಗಕ್ಕಿಳಿಯುತ್ತದೆ. ಜನರೂ ವಾಹನಗಳೂ ಬೆರೆಯುವ ಕಡೆ ಇದೇ ಮಿತಿ ಇರಲಿ ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ.

ಗುಂಪಿನ ಹುಡುಗರಿಗೆ ಇದು ತೀರಾ ಸಣ್ಣದು ಅನ್ನಿಸಿತು. "ಎರಡು ಉಬ್ಬಿಗೆ ಇಷ್ಟೆಲ್ಲಾ ಬೇಕಾ?" ಅಂದರು. ನಾನು ಅಮೆರಿಕದ ಮಾಂಟ್‌ಗೊಮೆರಿಯ ಬಸ್ ಬಹಿಷ್ಕಾರದ ಕಥೆ ಹೇಳಿದೆ. 1955ರ ಡಿಸೆಂಬರಿನಲ್ಲಿ ಅದು ಶುರುವಾದಾಗ ಕಪ್ಪು ಜನ ಕೇಳಿದ್ದು ಮೂರೇ: ಮರ್ಯಾದೆಯಿಂದ ಮಾತಾಡಿ, ಮೊದಲು ಬಂದವರಿಗೆ ಸೀಟು ಕೊಡಿ, ನಮ್ಮ ಬಡಾವಣೆಗಳ ಬಸ್ಸಿಗೆ ನಮ್ಮವರನ್ನೂ ಚಾಲಕರಾಗಿ ತೆಗೆದುಕೊಳ್ಳಿ. ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುವ ಪದ್ಧತಿಯನ್ನೇ ತೆಗೆಯಿರಿ ಅಂತ ಆಗ ಕೇಳಿರಲಿಲ್ಲ. ಅಷ್ಟನ್ನೂ ಬಸ್ ಕಂಪನಿ ಒಪ್ಪಲಿಲ್ಲ. ಮುಂದೆ ಕಪ್ಪು ಜನ ಕೋರ್ಟಿಗೆ ಹೋದರು. 381 ದಿನಗಳ ನಂತರ ಬಹಿಷ್ಕಾರ ನಿಂತಾಗ ಬಸ್ಸಿನಲ್ಲಿ ಆ ಪದ್ಧತಿಯೇ ಹೋಗಿತ್ತು. ಹುಡುಗರು ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಆದರೆ ಎಂಜಿನಿಯರನ್ನು ಭೇಟಿ ಮಾಡಲು ನಮ್ಮ ಜೊತೆ ಬಂದರು.

ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಮಕ್ಕಳು ದಾಟುತ್ತಾರೆ?" ಎಣಿಕೆಯ ಪುಸ್ತಕವನ್ನು ಅವರ ಮುಂದಿಟ್ಟೆವು.

ಉಬ್ಬುಗಳು ಬಂದವು, ಗಡುವು ಮುಗಿದು ಎರಡು ತಿಂಗಳಿಗೆ. ಫಲಕ ಇನ್ನೂ ಬಂದಿಲ್ಲ. ಅದಕ್ಕೆ ಹೊಸ ತಾರೀಖು ಬರೆದಿದ್ದೇವೆ, ಹುದ್ದೆ ಅದೇ.