ಬ್ರಿಸ್ಬೇನ್ ಒಲಿಂಪಿಕ್ಸ್: ಸಹಿ ಯಾರದು, ಜಾಮೀನು ಯಾರದು, ನಾವು ಎಲ್ಲಿ ಮಾತಾಡಬಹುದು?

ಬೆಳಗಾವಿ, ಗೋಕಾಕ, ಬೈಲಹೊಂಗಲ ಕಡೆಯಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೊಸದಾಗಿ ಬಂದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಕಾಕಾ, ಈ ಒಲಿಂಪಿಕ್ಸ್‌ಗೆ ರೊಕ್ಕ ಯಾರ ಹಾಕತಾರ್ರೀ? ಸೆಂಟ್ರಲ್ ಗೌರ್ಮೆಂಟೇನು?" ಕ್ರೀಡಾಕೂಟ ಇರುವುದು 2032ರ ಜುಲೈ 23ರಿಂದ ಆಗಸ್ಟ್ 8ರವರೆಗೆ. ಅದಿನ್ನೂ ದೂರ ಇದೆ ಅಂತ ಸುಮ್ಮನಿರುವ ಹಾಗಿಲ್ಲ. ಕರಾರು ಆಗಿದೆ, ಕಾನೂನೂ ಬಂದಿದೆ. ನಮ್ಮ ತೆರಿಗೆ, ಬಸ್ಸು, ಮನೆ ಹತ್ತಿರದ ಪಾರ್ಕು ಎಲ್ಲಕ್ಕೂ ಇದರ ಸಂಬಂಧ ಇರುವುದರಿಂದ ಗೊತ್ತಿದ್ದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಸಹಿಯ ವಿಷಯ. 2021ರ ಜುಲೈ 21ರಂದು ಟೋಕಿಯೊದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಬ್ರಿಸ್ಬೇನನ್ನು ಆರಿಸಿತು. ಪರ 72 ಮತ, ವಿರೋಧ 5. ಹಿಂದಿನಂತೆ ನಾಲ್ಕಾರು ನಗರಗಳು ಕೊನೇ ದಿನದವರೆಗೆ ಪೈಪೋಟಿ ನಡೆಸುವ ಪದ್ಧತಿ 2019ರಲ್ಲೇ ಬದಲಾಗಿದೆ. ಈಗ ಸಮಿತಿಯೇ ಒಂದು ನಗರವನ್ನು ಹಿಡಿದು ಮಾತುಕತೆ ನಡೆಸಿ, ಗ್ಯಾರಂಟಿ ಪತ್ರಗಳನ್ನು ತರಿಸಿಕೊಂಡು, ಆಮೇಲೆ ಮತಕ್ಕೆ ಹಾಕುತ್ತದೆ. ಅಂದರೆ ಮತದಾನದ ದಿನಕ್ಕಿಂತ ಎಷ್ಟೋ ಮುಂಚೆ ಸರ್ಕಾರಗಳು ಮಾತು ಕೊಟ್ಟಾಗಿರುತ್ತದೆ.

ಆತಿಥ್ಯದ ಕರಾರಿಗೆ ಈ ದೇಶದಿಂದ ಸಹಿ ಹಾಕಿದವರು ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯ, ಬ್ರಿಸ್ಬೇನ್ ಸಿಟಿ ಕೌನ್ಸಿಲ್ ಮತ್ತು ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿ. ಕೇಂದ್ರ ಸರ್ಕಾರ ಗ್ಯಾರಂಟಿ ಕೊಟ್ಟಿದೆ, ದುಡ್ಡೂ ಕೊಡುತ್ತಿದೆ, ಆದರೆ ಕರಾರಿನಲ್ಲಿ ಪಕ್ಷಕಾರ ಅಲ್ಲ. ಇಲ್ಲಿ ವೀಸಾ, ಕಸ್ಟಮ್ಸ್ ಕೇಂದ್ರದ ಕೈಯಲ್ಲಿವೆ. ಜಮೀನು, ಪೊಲೀಸು, ರೈಲು-ಬಸ್ಸು ರಾಜ್ಯದ ಕೈಯಲ್ಲಿ. ನಮ್ಮೂರ ಪಾಲಿಕೆಯಲ್ಲಿ ಮೇಯರನ್ನು ಕಾರ್ಪೊರೇಟರುಗಳು ಆರಿಸಿದರೆ ಬ್ರಿಸ್ಬೇನ್‌ನಲ್ಲಿ ಲಾರ್ಡ್ ಮೇಯರನ್ನು ಜನರೇ ನೇರ ಓಟು ಹಾಕಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಹಾಗಾಗಿ ಅವರ ಸಹಿಗೆ ತೂಕ ಇದೆ.

ಕರಾರಿನಲ್ಲಿ ಗಮನಿಸಬೇಕಾದ್ದು ಎರಡು. ವ್ಯಾಜ್ಯ ಬಂದರೆ ಅನ್ವಯಿಸುವುದು ಸ್ವಿಟ್ಜರ್ಲೆಂಡಿನ ಕಾನೂನು, ತೀರ್ಪು ಕೊಡುವುದು ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿ. ಇನ್ನು ಆಯೋಜನಾ ಸಮಿತಿಯ ಲೆಕ್ಕದಲ್ಲಿ ಕೊರತೆ ಬಿದ್ದರೆ ಅದನ್ನು ತುಂಬಿಕೊಡುವ ಭರವಸೆ ರಾಜ್ಯ ಸರ್ಕಾರದ್ದು. ಊರಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತಗೊಂಡವನು ಕೈಯೆತ್ತಿದರೆ ನೋಟಿಸು ಬರುವುದು ಜಾಮೀನುದಾರನ ಮನೆಗೆ. ಇಲ್ಲಿ ಜಾಮೀನುದಾರ ಅಂದರೆ ಕ್ವೀನ್ಸ್‌ಲ್ಯಾಂಡಿನ ತೆರಿಗೆದಾರ, ಅದರಲ್ಲಿ ನಾವೂ ಬಂದೆವು.

ಸ್ಟೇಡಿಯಂ ಮುಂತಾದ ಕಟ್ಟಡಗಳಿಗೆ ಇಟ್ಟಿರುವುದು ಸುಮಾರು 710 ಕೋಟಿ ಡಾಲರ್, ಅದರಲ್ಲಿ ಕೇಂದ್ರದ ಪಾಲು 343 ಕೋಟಿಗೂ ಸ್ವಲ್ಪ ಹೆಚ್ಚು.

ಸರ್ಕಾರ ಬದಲಾದರೆ ಅಥವಾ ಮನಸ್ಸು ಬದಲಾದರೆ ಏನಾಗುತ್ತದೆ? ಇದೇ ದೇಶದ ವಿಕ್ಟೋರಿಯಾ ರಾಜ್ಯ ನೋಡಿ. 2026ರ ಕಾಮನ್‌ವೆಲ್ತ್ ಕ್ರೀಡಾಕೂಟ ತಾನೇ ಮಾಡುತ್ತೇನೆ ಎಂದು ಒಪ್ಪಿ, 2023ರ ಜುಲೈನಲ್ಲಿ ಹಿಂದೆ ಸರಿಯಿತು. 260 ಕೋಟಿ ಡಾಲರ್ ಎಂದುಕೊಂಡಿದ್ದ ಖರ್ಚು 600 ಕೋಟಿ ದಾಟುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಕರಾರು ಮುರಿದದ್ದಕ್ಕೆ 38 ಕೋಟಿ ಡಾಲರ್ ಕಟ್ಟಬೇಕಾಯಿತು. ಒಂದು ಓಟದ ಸ್ಪರ್ಧೆಯೂ ನಡೆಯದೆ ಹೋದ ಹಣ ಅದು. ಕೂಟ ಗ್ಲಾಸ್ಗೋ ಪಾಲಾಯಿತು.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ ವಿಷಯ, ಕಾನೂನು. 2021ರಲ್ಲಿ ರಾಜ್ಯ ಸಂಸತ್ತು ಒಂದು ಕಾಯ್ದೆ ಮಾಡಿ ಆಯೋಜನಾ ಸಮಿತಿಯನ್ನು ಹುಟ್ಟುಹಾಕಿತು. ಅದರಲ್ಲಿ ತಕರಾರಿಲ್ಲ. ಮುಖ್ಯ ಸ್ಟೇಡಿಯಂ ಎಲ್ಲಿ ಎನ್ನುವುದು ಮಾತ್ರ ವರ್ಷಗಟ್ಟಲೆ ಎಳೆದಾಡಿತು. ಗಾಬಾ ಮೈದಾನವನ್ನು ಕೆಡವಿ ಕಟ್ಟುವ ಯೋಚನೆ 2024ರಲ್ಲಿ ಬಿತ್ತು. ಅದೇ ವರ್ಷ ಚುನಾವಣೆಯಲ್ಲಿ ಹೊಸ ಸ್ಟೇಡಿಯಂ ಕಟ್ಟುವುದಿಲ್ಲ ಎಂದಿದ್ದವರು ಗೆದ್ದು ಬಂದು 2025ರ ಮಾರ್ಚ್‌ನಲ್ಲಿ ಬ್ರಿಸ್ಬೇನಿನದೇ ವಿಕ್ಟೋರಿಯಾ ಪಾರ್ಕಿನಲ್ಲಿ 63,000 ಆಸನದ ಸ್ಟೇಡಿಯಂ ಘೋಷಿಸಿದರು. ಮೂಲನಿವಾಸಿಗಳು ಬರ್ರಂಬಿನ್ ಎಂದು ಕರೆಯುವ, ಅವರ ಹಿರಿಯರು ಬಾಳಿದ ಜಾಗ ಅದು. ಜೂನ್‌ನಲ್ಲಿ ಬಂದ ತಿದ್ದುಪಡಿ ಕಾನೂನು, ಒಲಿಂಪಿಕ್ಸ್ ಕಟ್ಟಡಗಳಿಗೆ ಯೋಜನೆ, ಪರಿಸರ, ಪರಂಪರೆ ರಕ್ಷಣೆಯ ಕಾಯ್ದೆಗಳು ಅಡ್ಡ ಬಾರದಂತೆ ಮಾಡಿತು. ಕೋರ್ಟಿಗೆ ಹೋಗುವ ದಾರಿಯನ್ನೂ ಕಿರಿದು ಮಾಡಿತು.

ಇದು ನನಗೆ ಸರಿ ಕಂಡಿಲ್ಲ. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸ್ ರಸ್ತೆಯ ವಿಷಯದಲ್ಲಿ ವಡಗಾವಿ, ಶಹಾಪುರ ಶಿವಾರದ ರೈತರು ಫಲವತ್ತಾದ ಹೊಲ ಉಳಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾವೆಲ್ಲ ಕಂಡವರು. ಗೆಲ್ಲಲಿ ಬಿಡಲಿ, ನ್ಯಾಯಾಧೀಶರ ಮುಂದೆ ನಿಂತು ಕೇಳುವ ಹಕ್ಕು ಅವರಿಗಿತ್ತು. ಕ್ರೀಡೆ ಬರಲಿ, ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡುವವನೇ. ಆದರೆ ಗಡುವು ಹತ್ತಿರ ಬಂತೆಂದು ಆ ಹಕ್ಕನ್ನು ಕಡಿಮೆ ಮಾಡಬಾರದು.

ಹಾಗಿದ್ದರೆ ನಮ್ಮಂಥವರು ಮಾತಾಡುವುದು ಎಲ್ಲಿ? ಕ್ವೀನ್ಸ್‌ಲ್ಯಾಂಡಿನಲ್ಲಿ ವಿಧಾನ ಪರಿಷತ್ತು ಇಲ್ಲ, 1922ರಲ್ಲೇ ರದ್ದಾಗಿದೆ. ಒಂದೇ ಸದನ, ಬಹುಮತ ಇದ್ದವರು ಪಾಸು ಮಾಡಿದರೆ ಮುಗಿಯಿತು. ಅದಕ್ಕೇ ಮಸೂದೆ ಸಂಸದೀಯ ಸಮಿತಿಯ ಮುಂದೆ ಇರುವ ಕೆಲವೇ ವಾರಗಳು ಬಹಳ ಮುಖ್ಯ. ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಹತ್ತಿರ ಟೆಂಟ್ ಹಾಕಿ, ಮಂತ್ರಿ ಬಂದು ಮನವಿ ಪತ್ರ ತಗೊಳ್ಳಲಿ ಎಂದು ಕಾಯುವುದು ನಮ್ಮ ರೂಢಿ. ಇಲ್ಲಿ ಮನವಿ ಹೋಗಬೇಕಾದ್ದು ಸಮಿತಿಗೆ, ಲಿಖಿತವಾಗಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಮಸೂದೆಯ ಹೆಸರಿನ ಕೆಳಗೆ ಗಡುವು ಹಾಕಿರುತ್ತಾರೆ. ಪೌರತ್ವ ಬೇಕಿಲ್ಲ. ಒಂದು ಪುಟ ಸಾಕು: ನೀವು ಯಾರು, ಯಾವ ಬಡಾವಣೆ, ಮಸೂದೆಯ ಯಾವ ಕಲಮು, ಅದರಿಂದ ನಿಮಗೇನು ತೊಂದರೆ, ಏನು ಬದಲಾಗಬೇಕು. ಕಲಮಿನ ನಂಬರು ಹಾಕಿ ಬರೆಯಿರಿ. ಬರೀ ಸಿಟ್ಟು ತೋರಿಸಿದ ಪತ್ರಕ್ಕಿಂತ ಅದನ್ನು ಗಮನ ಕೊಟ್ಟು ಓದುತ್ತಾರೆ. ಪತ್ರಗಳನ್ನು ಸಾಮಾನ್ಯವಾಗಿ ಪ್ರಕಟಿಸುತ್ತಾರೆ, ಹೆಸರು ಹೊರಗೆ ಬರಬಾರದು ಅಂದರೆ ಮೊದಲೇ ಕೇಳಿಕೊಳ್ಳಿ.

ಮಾಹಿತಿ ಹಕ್ಕೂ ಇದೆ. ಭಾರತದ 2005ರ ಕಾಯ್ದೆ ನಾಗರಿಕರಿಗೆ ಮಾತ್ರ. ಕ್ವೀನ್ಸ್‌ಲ್ಯಾಂಡಿನ 2009ರ ಕಾಯ್ದೆಯಲ್ಲಿ ಪೌರತ್ವ ಇಲ್ಲದವರೂ ಶುಲ್ಕ ಕಟ್ಟಿ ಕೇಳಬಹುದು. ಸಂಪುಟದ ಕಾಗದಗಳು ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ.

ಊರಲ್ಲಿರುವವರಿಗೂ ಇದು ಬೇಕಾದ ಮಾತೇ. 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ. ಅದಕ್ಕೂ ಮೊದಲು, 2025ರ ಆಗಸ್ಟ್‌ನಲ್ಲಿ, ಕೇಂದ್ರ ಸಂಪುಟ ಬಿಡ್‌ಗೆ ಒಪ್ಪಿಗೆ ಕೊಟ್ಟು ಸಚಿವಾಲಯಗಳ ಗ್ಯಾರಂಟಿಗೂ ಗುಜರಾತಿಗೆ ಅನುದಾನಕ್ಕೂ ಮಂಜೂರಾತಿ ನೀಡಿತು. ಅಲ್ಲಿ ಕೇಂದ್ರ ಮುಂದೆ ನಿಂತಿದೆ, ಇಲ್ಲಿ ರಾಜ್ಯ.

ಕೊನೆಗೆ ಓಟು. ಬರೀ ಪಿಆರ್ (ಕಾಯಂ ವಾಸದ ಪರವಾನಗಿ) ಇದ್ದವರಿಗೆ ಓಟಿಲ್ಲ; 18 ದಾಟಿದ ಪೌರರಿಗೆ ಅದು ಕಡ್ಡಾಯ. ಕೌನ್ಸಿಲ್ ಚುನಾವಣೆ 2028ರ ಮಾರ್ಚ್‌ನಲ್ಲಿ, ರಾಜ್ಯದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಒಲಿಂಪಿಕ್ಸ್‌ಗೆ ಮೊದಲು ಕರಾರಿಗೆ ಸಹಿ ಹಾಕಿದ ಈ ಇಬ್ಬರನ್ನೂ ಕೇಳುವ ಅವಕಾಶ ಆಗ ಇದೆ. ಪೌರತ್ವಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷ ಕಾನೂನುಬದ್ಧ ವಾಸ, ಅದರಲ್ಲಿ ಕೊನೆಯ 12 ತಿಂಗಳು ಪಿಆರ್ ಆಗಿರಬೇಕು. ಅರ್ಜಿ, ಪರೀಕ್ಷೆ, ಪ್ರಮಾಣವಚನ ಎಲ್ಲಕ್ಕೂ ಸಮಯ ಹಿಡಿಯುತ್ತದೆ, ಅರ್ಹರಾದವರು ಈಗಲೇ ಕಾಗದಪತ್ರ ಜೋಡಿಸಿಕೊಳ್ಳಿ.