ಮಳೆ ಲೆಕ್ಕದ ಹಾಳೆ: ಕಂಪ್ಯೂಟರ್ ಕಲಿಕೆ ಎಲ್ಲ ಪಾಠಗಳಿಗೂ ಬರಲಿ

ಬಹುತೇಕ ಶಾಲೆಗಳಲ್ಲಿ ಕಂಪ್ಯೂಟರ್ ಎಂದರೆ ವಾರಕ್ಕೊಂದು ಪೀರಿಯಡ್. ಮಕ್ಕಳು ಪೇಂಟ್‌ನಲ್ಲಿ ಮನೆ, ತೆಂಗಿನಮರ ಬಿಡಿಸುತ್ತಾರೆ, ಸಿಪಿಯು ಎಂದರೇನು ಎಂಬುದಕ್ಕೆ ಉತ್ತರ ಬಾಯಿಪಾಠ ಮಾಡುತ್ತಾರೆ. ಅದೇ ಮಕ್ಕಳಿಗೆ ವಿಜ್ಞಾನದ ಪ್ರಾಜೆಕ್ಟ್ ಕೊಟ್ಟು ನೋಡಿ. ಸೈಬರ್ ಅಂಗಡಿಯಲ್ಲಿ ಯಾರೋ ಬರೆದದ್ದನ್ನು ಪ್ರಿಂಟ್ ಹಾಕಿಸಿಕೊಂಡು ಬರುತ್ತಾರೆ. ಇದನ್ನು ಬದಲಿಸಲು ಹೊಸ ಲ್ಯಾಬ್ ಬೇಕಾಗಿಲ್ಲ. ಒಂದೇ ಕೆಲಸವನ್ನು ಹಿಡಿದು ಗಣಿತ, ವಿಜ್ಞಾನ, ಸಮಾಜ, ಕನ್ನಡ ಎಲ್ಲದರಲ್ಲೂ ನಡೆಸಿದರೆ ಸಾಕು. ಕೊಡಗಿನಲ್ಲಿ ಅದಕ್ಕೆ ಮಳೆಗಿಂತ ಒಳ್ಳೆಯ ವಿಷಯ ಬೇರೆ ಇಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಮಳೆ ಅಳೆಯುವ ರೈನ್‌ಗೇಜ್ ಇದೆ, ಮಳೆ ಬರೆದಿಟ್ಟ ಡೈರಿಗಳೂ ಇವೆ. ಏಳನೇ ತರಗತಿಯಿಂದ ಮೇಲಿನವರಿಗೆ ಈ ಕೆಲಸ ಸರಿಹೊಂದುತ್ತದೆ.

ಮೊದಲನೆಯದು ಅಳತೆ. ಗೇಜ್ ಮರ, ಮಾಡಿನಿಂದ ದೂರ ಇರಲಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಜುಲೈಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆದ್ದರಿಂದ ಕಾಗದದ ಲೆಕ್ಕ ಕಡ್ಡಾಯ. ಇಷ್ಟು ಸುಲಭ.

ಎರಡನೆಯದು ಆ ಲೆಕ್ಕವನ್ನು ಎಕ್ಸೆಲ್ ಹಾಳೆಗೆ ಏರಿಸುವುದು. ಎಕ್ಸೆಲ್ ಇಲ್ಲದಿದ್ದರೆ ಅದರಂಥದೇ ಆದ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಉಚಿತ, ಹಳೆಯ ಕಂಪ್ಯೂಟರಿಗೂ ಅದು ಸಾಕು. ಕೆಲಸ ಕೆಡುವುದು ಇಲ್ಲೇ. ಮಕ್ಕಳು ಟೈಪ್ ಮಾಡುತ್ತಾರೆ, ಟೀಚರ್ ಮೊತ್ತ ನೋಡುತ್ತಾರೆ, ಮೊತ್ತ ತಪ್ಪಾಗಿದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಮಳೆಯ ಮಾತು ಇಂಚು, ಸೆಂಟ್‌ಗಳಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ‘2 ಇಂಚು 6 ಸೆಂಟ್’ ಎಂದು ಡೈರಿಯಲ್ಲಿದ್ದರೆ ಮಗು 2.6 ಎಂದು ಹಾಕುತ್ತದೆ. ಹಾಕಬೇಕಾದದ್ದು 2.06. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ. 2.06 ಇಂಚು ಎಂದರೆ 52.3 ಮಿ.ಮೀ., 2.6 ಎಂದರೆ 66 ಮಿ.ಮೀ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ‘ಭಾರೀ ಮಳೆ’. ಒಂದು ಸೊನ್ನೆ ಬಿಟ್ಟುಹೋದದ್ದಕ್ಕೆ ಸಾಧಾರಣ ಮಳೆಯ ದಿನ ಭಾರೀ ಮಳೆಯ ದಿನವಾಗಿಬಿಟ್ಟಿತು. ದಶಮಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಸಿಗದು. ಗಣಿತದ ಮೇಷ್ಟ್ರೇ ಇದನ್ನು ಮಾಡಿಸಲಿ.

ಹಾಳೆಯ ಒಂದು ಮನೆಯಲ್ಲಿ (ಸೆಲ್) ಒಂದೇ ಸಂಗತಿ ಇರಬೇಕು. ‘2.06 ಇಂಚು’ ಎಂದು ಅಕ್ಷರ ಸೇರಿಸಿದರೆ ಕಂಪ್ಯೂಟರ್ ಅದನ್ನು ಸಂಖ್ಯೆ ಎಂದು ಎಣಿಸುವುದಿಲ್ಲ, ಮೊತ್ತದಿಂದ ಸುಮ್ಮನೆ ಬಿಟ್ಟುಬಿಡುತ್ತದೆ. ಪತ್ತೆಹಚ್ಚುವ ಉಪಾಯ ಮಕ್ಕಳಿಗೆ ಹೇಳಿಕೊಡಿ: ನಾವೇನೂ ಬದಲಿಸದಿದ್ದರೆ ಸಂಖ್ಯೆ ಮನೆಯ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ಎಡಕ್ಕೆ ಸರಿದ ಅಂಕಿ ಕಂಡರೆ ಅಲ್ಲಿ ತಪ್ಪಿದೆ. ಹಾಗಾಗಿ ಚೆಂದಕ್ಕೆಂದು ಎಲ್ಲವನ್ನೂ ಮಧ್ಯಕ್ಕೆ ತರಲು ಬಿಡಬೇಡಿ, ಗುರುತೇ ಅಳಿಸಿಹೋಗುತ್ತದೆ.

ತಾರೀಕು ಇನ್ನೂ ಮೋಸದ್ದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 05/06/2025 ಎಂಬ ನಮ್ಮ ಜೂನ್ 5 ಅದಕ್ಕೆ ಮೇ 6. ತಿಂಗಳ 12ರವರೆಗೆ ಅದು ಹೀಗೆಯೇ ತಪ್ಪು ತಿಳಿದುಕೊಂಡು ಹೋಗುತ್ತದೆ, 13ರಿಂದ ತಾರೀಕೆಂದೇ ಒಪ್ಪುವುದಿಲ್ಲ. 2025-06-05 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಸಿ.

ಮಳೆ ಬಾರದ ದಿನ 0 ಹಾಕಲಿ, ಅಳೆಯಲು ಮರೆತ ದಿನ ಖಾಲಿ ಬಿಡಲಿ. ಸರಾಸರಿ ತೆಗೆಯುವಾಗ ಸೊನ್ನೆ ಲೆಕ್ಕಕ್ಕೆ ಬರುತ್ತದೆ, ಖಾಲಿ ಮನೆ ಬರುವುದಿಲ್ಲ. ಮರೆತ ದಿನಕ್ಕೆ ಅಂದಾಜಿನ ಅಂಕಿ ತುಂಬಿಸುವ ಟೀಚರುಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಡುವುದನ್ನೂ ಮಗು ಇಲ್ಲೇ ಕಲಿಯಬೇಕು.

ಒಂದು ಕಂಪ್ಯೂಟರಿಗೆ ಇಬ್ಬರು: ಒಬ್ಬರು ಓದಲಿ, ಇನ್ನೊಬ್ಬರು ಟೈಪ್ ಮಾಡಲಿ, ಮಾರನೇ ದಿನ ಅದಲು ಬದಲು. ಇಲ್ಲದಿದ್ದರೆ ಜೋರಿನ ಹುಡುಗನ ಕೈಯಲ್ಲೇ ವರ್ಷವಿಡೀ ಮೌಸ್ ಇರುತ್ತದೆ.

ನಕ್ಷೆಗೆ ಕಂಬದ ಗ್ರಾಫ್ ಮಾತ್ರ. ಉಬ್ಬಿದ ಬಣ್ಣದ ಪೈ ಚಾರ್ಟ್ ಮಕ್ಕಳಿಗೆ ಇಷ್ಟ, ಆದರೆ ದಿನದಿನದ ಮಳೆ ಅದರಲ್ಲಿ ಏನೂ ಕಾಣದು.

ಸಮಾಜ ಪಾಠಕ್ಕೆ ಇನ್ನೊಂದು ಶಾಲೆಯ ಹಾಳೆ ಬೇಕು. ಪಶ್ಚಿಮದ ಭಾಗಮಂಡಲದ ಕಡೆಯ ಲೆಕ್ಕವನ್ನೂ ಪೂರ್ವದ ಕುಶಾಲನಗರದ ಲೆಕ್ಕವನ್ನೂ ಒಂದೇ ಗ್ರಾಫಿನಲ್ಲಿಟ್ಟರೆ ಪಶ್ಚಿಮಘಟ್ಟ ಮೋಡವನ್ನು ತಡೆದು ಮಳೆ ಸುರಿಸುವುದು, ಪೂರ್ವಕ್ಕೆ ಹೋದಂತೆ ಮಳೆ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಹಾರಂಗಿ ಜಲಾಶಯದ ಮಟ್ಟವನ್ನು ಪತ್ರಿಕೆಯಿಂದ ತೆಗೆದು ಪಕ್ಕದ ಸಾಲಿನಲ್ಲಿ ಬರೆಸಿ.

ಕನ್ನಡ ಪೀರಿಯಡ್‌ನಲ್ಲಿ ಇದೇ ಹಾಳೆ ನೋಡಿ ವರದಿ ಬರೆಯಲಿ. ಅಂಕಿ ಇಲ್ಲದೆ ‘ಧಾರಾಕಾರ ಮಳೆ’ ಎಂದು ಬರೆಯುವಂತಿಲ್ಲ. ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟಿನಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ತೋಟದಲ್ಲಿ ಕಾಫಿ ಹೂ ಅರಳಲು ಬೇಕಾದ ಹೂಮಳೆ ಯಾವ ವರ್ಷ ಕೈಕೊಟ್ಟಿತು ಎಂದು ಅಜ್ಜನನ್ನು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ, ಮೊದಲು ಅವರ ಒಪ್ಪಿಗೆ ಪಡೆದು. ಕನ್ನಡದ ವಾಯ್ಸ್ ಟೈಪಿಂಗ್ ಇಲ್ಲಿನ ಮನೆಮಾತುಗಳಾದ ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಸರಿಯಾಗಿ ಹಿಡಿಯುವುದಿಲ್ಲ, ಅವನ್ನು ಕೇಳಿ ಕೇಳಿ ಕೈಯಲ್ಲೇ ಬರೆಯಬೇಕು.

ಮಳೆಗಾಲದಲ್ಲಿ ಭೂಕುಸಿತದ ಹಳೆಯ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಹೊಸದರಂತೆ ಓಡಾಡುತ್ತವೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಅಂಥ ವಿಡಿಯೊ ಜನರನ್ನು ಸುಮ್ಮನೆ ಹೆದರಿಸುತ್ತದೆ. ಅಂಥದ್ದು ಬಂದಾಗ ಆ ದಿನ ಆ ಊರಿನ ಮಳೆ ಎಷ್ಟಿತ್ತು ಎಂದು ತಮ್ಮ ಹಾಳೆಯಲ್ಲಿ ನೋಡಲಿ, ವಿಡಿಯೊದ ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಲಿ. ಖಚಿತವಾಗದೆ ಯಾರಿಗೂ ಕಳಿಸಬಾರದು.

ಪೆನ್‌ಡ್ರೈವ್ ತುಂಬ ‘ಸ್ಮಾರ್ಟ್ ಪಾಠ’ ಮಾರಲು ಬರುವವರಿಗೆ ದುಡ್ಡು ಕೊಡಬೇಡಿ, ಅದರಲ್ಲಿ ಮಗು ಮಾಡುವ ಕೆಲಸ ಏನೂ ಇರುವುದಿಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ರೈನ್‌ಗೇಜ್ ತನ್ನಿ.

ಕೊನೆಗೆ ಫೈಲಿನ ಹೆಸರು. ‘ಹೊಸದು 1’, ‘ಫೈನಲ್’ ಎಂದಿಡದೆ ಊರು ಮತ್ತು ವರ್ಷ ಹಾಕಿಸಿ, ಎರಡು ಕಡೆ ಉಳಿಸಿಡಿ. ಜೂನ್‌ನಲ್ಲಿ ಬರುವ ಹೊಸ ತರಗತಿ ಅದೇ ಫೈಲಿನಲ್ಲಿ ಇನ್ನೊಂದು ಹಾಳೆ ತೆರೆಯಲಿ.